ಅಪ್ಪ-ಅಮ್ಮನ್ನೂ ಕೂರಿಸ್ಕೊಂಡು ಊರಿಗ್ ಹೋಗೋಕೆ 35-40 ಲಕ್ಷದ ಎಸ್‌ಯುವಿ ಬೇಕಾ? ಇಟ್ಕೊಂಡಿರೋರು ನಿಜ ಹೇಳಿ

ಹಳೇಹ್ಯಾಚ್‌ಬ್ಯಾಕ್_ಬನಶಂಕರಿ

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಆರು ಜನ, ನಾನು, ಹೆಂಡ್ತಿ, 11 ಮತ್ತೆ 7 ವರ್ಷದ ಎರಡು ಮಕ್ಳು, ಅಪ್ಪ, ಅಮ್ಮ. ಇರೋದು 2013ರ ಒಂದು ಹ್ಯಾಚ್‌ಬ್ಯಾಕು. ಪಾಪ, ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ, ಆದ್ರೆ ಆರು ಜನ ಹಿಡಿಯಲ್ಲ. ಊರು ಅರಕಲಗೂಡು ಹತ್ರ. ಈ ಸಲ ಗೌರಿ ಹಬ್ಬಕ್ಕೆ ನಾವು ನಾಲ್ಕು ಜನ ಕಾರಲ್ಲಿ, ಅಪ್ಪ ಅಮ್ಮ ಬಸ್ಸಲ್ಲಿ. ಚನ್ನರಾಯಪಟ್ಟಣಕ್ಕಿಂತ ಸ್ವಲ್ಪ ಮುಂಚೆ ಅದೇ ಬಸ್ಸು ನಮ್ಮನ್ನ ಓವರ್‌ಟೇಕ್ ಮಾಡ್ಕೊಂಡ್ ಹೋಯ್ತು, ಅಮ್ಮ ಕಿಟಕಿಯಿಂದ ಕೈ ಬೀಸಿದ್ರು, ಮಕ್ಳಿಗೆ ಒಂದೇ ನಗು, ನನಗೆ ಮಾತ್ರ ಯಾಕೋ ಹೊಟ್ಟೆ ಒಳಗೆ ಒಂಥರಾ ಆಯ್ತು.

ಅದೂ ಅಲ್ದೆ ನಮ್ ಬಾಮೈದ ಹೋದ ತಿಂಗ್ಳು ಒಂದು ದೊಡ್ಡ ಗಾಡಿ ತಂದ. ಅದ್ರಲ್ಲಿ ಕನಕಪುರದವರೆಗೆ ಹೋಗಿ ಬಂದ ಮೇಲೆ ನಮ್ ಕಾರಲ್ಲಿ ಕೂತ್ರೆ ರೋಡಲ್ಲೇ ಚಾಪೆ ಹಾಸ್ಕೊಂಡು ಕೂತಂಗಿದೆ. ಸುಳ್ಳು ಯಾಕ್ ಹೇಳ್ಲಿ, ಆಸೆ ಹತ್ಕೊಂಡಿದೆ.

ಲಿಸ್ಟಲ್ಲಿರೋದು ಸಫಾರಿ, ಇನ್ನೋವಾ ಹೈಕ್ರಾಸ್ ಹೈಬ್ರಿಡ್ಡು, ಮನಸ್ಸಿನ ಮೂಲೇಲಿ ಫಾರ್ಚುನರ್ರು. ಕೊಟೇಶನ್ ತಗೊಂಡ್ರೆ ಎಕ್ಸ್‌ಶೋರೂಂ 30 ಲಕ್ಷ ಅಂದಿದ್ದು ಆನ್‌ರೋಡ್ 38ರ ಹತ್ರ ನಿಂತಿದೆ, ತಲೆ ತಿರುಗ್ತು. ಸೇಲ್ಸ್ ಹುಡ್ಗನ್ನ ಕೇಳಿದ್ರೆ ಎಲ್ಲಾ ಚಿನ್ನ ಅಂತಾನೆ, ಯೂಟ್ಯೂಬಲ್ಲಿ ನೋಡಿದ್ರೆ ಎಲ್ರೂ ಖಾಲಿ ರೋಡಲ್ಲಿ ಓಡಿಸಿ ತೋರಿಸ್ತಾರೆ. ಮನೇಲಿ ಇಟ್ಕೊಂಡು ದಿನಾ ಒದ್ದಾಡೋರು ಹೇಳಿ, ಏನ್ ಸುಖ, ಏನ್ ಕಷ್ಟ?

---

ಘಾಟಿ_ಗಿರಾಕಿ

ಗುರು, ನಾನ್ ಹೇಳ್ತೀನಿ. 2021ರಲ್ಲಿ ತಗೊಂಡಿದ್ದು, ಏಳು ಸೀಟಿನ ಡೀಸೆಲ್ ಆಟೊಮ್ಯಾಟಿಕ್. ಕಂಪನಿ ಹೆಸ್ರು ಬೇಡ, ಸುಮ್ನೆ ಅಭಿಮಾನಿಗಳ ಜಗಳ ಶುರುವಾಗುತ್ತೆ. 64 ಸಾವಿರ ಕಿಲೋಮೀಟರ್ ಓಡಿದೆ.

ಮೊದ್ಲು ಸುಖ. ಮಳೆಗಾಲದಲ್ಲಿ ಸಕಲೇಶಪುರ ದಾಟಿ ಶಿರಾಡಿ ಇಳಿಯೋವಾಗ ಗೊತ್ತಾಗುತ್ತೆ ಕೊಟ್ಟ ದುಡ್ಡಿಗೆ ಏನ್ ಸಿಕ್ತು ಅಂತ. ಗುಂಡಿ ನೀವು ನೋಡಿರ್ತೀರ, ಬ್ರೇಕ್ ಹಾಕೋ ಅಷ್ಟ್ರಲ್ಲಿ ಗಾಡಿ ಅದನ್ನ ನುಂಗಿ ಮುಂದೆ ಹೋಗಿರುತ್ತೆ. ಮುಂದೆ ಎರಡು ಟ್ಯಾಂಕರ್ ಇದ್ರೂ ದಾಟೋಕೆ ಯೋಚ್ನೆ ಮಾಡ್ಬೇಕಿಲ್ಲ. ಎತ್ತರದಲ್ಲಿ ಕೂತಿರ್ತೀರಾದ್ರಿಂದ ತಿರುವಿನ ಆಚೆ ಏನ್ ಬರ್ತಿದೆ ಅಂತ ಒಂದು ಕ್ಷಣ ಮುಂಚೆನೇ ಕಾಣುತ್ತೆ. ಊರಿಗ್ ಹೋಗಿ ಇಳಿದ್ರೆ ಸೊಂಟ ನೋವಿಲ್ಲ, ಆವತ್ತೇ ಸಂಜೆ ತೋಟ ಸುತ್ತಬೋದು.

ಈಗ ಕಷ್ಟ, ಇದನ್ನ ಶೋರೂಮಲ್ಲಿ ಯಾರೂ ಹೇಳಲ್ಲ. ನಾನೂ ನಿಮ್ಮ ಹಾಗೇ ಅಪ್ಪ-ಅಮ್ಮನಿಗೋಸ್ಕರ ಅಂತಾನೇ ತಗೊಂಡೆ. ನಮ್ಮಮ್ಮನಿಗೆ 70, ಮಂಡಿ ನೋವು. ಗಾಡಿ ಬಂದ ದಿನ ಪೂಜೆ ಆಯ್ತು, ಚಕ್ರದಡಿ ನಿಂಬೆಹಣ್ಣು ಒಡೆದಾಯ್ತು, ದೇವಸ್ಥಾನಕ್ಕೊಂದು ರೌಂಡ್ ಹೋಗೋಣ ಹತ್ತಮ್ಮ ಅಂದೆ. ಒಂದ್ ಕೈಲಿ ಸೀರೆ ನೆರಿಗೆ ಹಿಡ್ಕೊಂಡ್ರು, ಇನ್ನೊಂದ್ ಕೈಲಿ ಒಳಗಿನ ಹಿಡಿ ಹಿಡ್ಕೊಂಡ್ರು, ಒಂದು ಕಾಲು ಸೈಡ್‌ಸ್ಟೆಪ್ ಮೇಲೆ ಬಂತು, ಇನ್ನೊಂದು ಕಾಲು ನೆಲ ಬಿಡ್ತಾನೇ ಇಲ್ಲ. ಹಿಂದಿಂದ ನಾನ್ ತಳ್ತಿದೀನಿ, ಎದುರುಮನೆ ಆಂಟಿ ಗೇಟಲ್ಲಿ ನಿಂತು ನೋಡ್ತಿದಾರೆ. ಅಮ್ಮ ಇಳಿದ್ಬಿಟ್ರು, "ನೀವ್ ಹೋಗ್ಬನ್ನಿ, ನಂಗೆ ಒಲೆ ಮೇಲೆ ಹಾಲಿದೆ" ಅಂತ. ಹಾಲೂ ಇರ್ಲಿಲ್ಲ ಏನೂ ಇರ್ಲಿಲ್ಲ.

ಮಾರನೇ ದಿನದಿಂದ ಡಿಕ್ಕಿಲಿ ಒಂದು ಮಣೆ ಇಟ್ಟಿದೀನಿ, ಊಟಕ್ಕೆ ಕೂರೋ ಹಳೇ ಹಲಸಿನ ಮಣೆ. ಎಲ್ಲಿ ನಿಂತ್ರೂ ಮೊದ್ಲು ಮಣೆ ಇಳಿಸ್ಬೇಕು, ಅಮ್ಮ ಇಳಿದ್ಮೇಲೆ ಮಣೆ ಹತ್ತಿಸ್ಬೇಕು. ಧರ್ಮಸ್ಥಳದ ಪಾರ್ಕಿಂಗಲ್ಲಿ ಒಬ್ರು ಏನ್ ಸಾರ್ ಗಾಡಿ ಜೊತೆ ಇದನ್ನೂ ಕೊಡ್ತಾರಾ ಅಂತ ಕೇಳಿದ್ರು.

ಎತ್ತರ ಯಾಕೆ ಅಂದ್ರೆ ನಂದು ಲ್ಯಾಡರ್ ಫ್ರೇಮ್. ಲಾರಿಗಿರೋ ಥರ ಕೆಳಗೊಂದು ಚಾಸಿ, ಅದ್ರ ಮೇಲೆ ಬಾಡಿ ಕೂರಿಸಿರ್ತಾರೆ. ಫಾರ್ಚುನರ್, ಸ್ಕಾರ್ಪಿಯೋ-ಎನ್ ಎಲ್ಲಾ ಈ ಜಾತಿ. ಗಟ್ಟಿ, ಕಾಡು ಮೇಡಿಗೆ ಒಳ್ಳೇದು, ಆದ್ರೆ ನೆಲ ಎತ್ತರ ಆಗುತ್ತೆ, ಹಿಂದೆ ಕೂತವ್ರಿಗೆ ಕುಲುಕಾಟನೂ ಜಾಸ್ತಿ. ಸಫಾರಿ, ಹೈಕ್ರಾಸ್ ಮೋನೊಕಾಕ್, ಬಾಡಿನೂ ಫ್ರೇಮೂ ಒಂದೇ, ಮಾಮೂಲಿ ಕಾರ್ ಥರ. ನಿಮ್ಮ ಕೇಸಲ್ಲಿ ಅದೇ ಸರಿ.

ಇನ್ನೊಂದು ಮರೆತೆ, ಡಿಪಿಎಫ್. 2020ರಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ್ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ಲೈನಲ್ಲಿ ಒಂದು ಫಿಲ್ಟರ್ ಇರುತ್ತೆ, ಹೊಗೆಯ ಮಸಿ ಹಿಡಿದಿಟ್ಕೊಂಡು ಆಮೇಲೆ ಇಂಜಿನ್ ಬಿಸಿಗೇ ಅದನ್ನ ಸುಡುತ್ತೆ. ಸುಡ್ಬೇಕಂದ್ರೆ ಇಂಜಿನ್ ಚೆನ್ನಾಗಿ ಕಾಯ್ಬೇಕು. ಮೂರು ಕಿಲೋಮೀಟರ್ ಸ್ಕೂಲು, ಎರಡು ಕಿಲೋಮೀಟರ್ ತರಕಾರಿ ಅಂತ ಓಡಿಸಿದ್ರೆ ಕಾಯೋದೆಲ್ಲಿ, ಮಸಿ ತುಂಬ್ಕೊಂಡು ಲೈಟ್ ಹತ್ಕೊಳ್ಳುತ್ತೆ. ಆಗ ನೈಸ್ ರೋಡಿಗೆ ಹೋಗಿ ಅರ್ಧ ಗಂಟೆ ಒಂದೇ ಸ್ಪೀಡಲ್ಲಿ ಓಡಿಸ್ಬೇಕು. ಗಾಡಿಗೆ ವಾಕಿಂಗ್ ಮಾಡ್ಸೋಕೆ ಟೋಲ್ ಕಟ್ಟೋದು ಅಂದ್ರೆ ಇದೇ.

---

ಲೆಕ್ಕ_ಪಕ್ಕಾ

ಒಂದೇ ಪ್ರಶ್ನೆ. ಆರೂ ಜನ ಒಟ್ಟಿಗೆ ವರ್ಷಕ್ಕೆ ಎಷ್ಟ್ ಸಲ ಹೋಗ್ತೀರ? ಬೆರಳು ಮಡಿಸಿ ಎಣಿಸಿ, ಆಸೆಗೆ ಜಾಸ್ತಿ ಹೇಳ್ಬೇಡಿ.

ನಿಮ್ಮ ಕೊಟೇಶನ್ ಬಿಡಿಸ್ತೀನಿ. ಕರ್ನಾಟಕದಲ್ಲಿ 20 ಲಕ್ಷದ ಮೇಲಿನ ಪೆಟ್ರೋಲ್-ಡೀಸೆಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಅದ್ರ ಮೇಲೆ ಸೆಸ್ಸು, ಒಟ್ಟು ಹತ್ತಿರ ಹತ್ತಿರ 20. ಅಂದ್ರೆ 30 ಲಕ್ಷದ ಗಾಡಿಗೆ ಆರ್‌ಟಿಓಗೇ 6 ಲಕ್ಷ. ಈ ದುಡ್ಡಲ್ಲಿ ನೀವೀಗ ಇಟ್ಕೊಂಡಿರೋ ಥರದ್ದೊಂದು ಚಿಕ್ಕ ಕಾರು ಬರುತ್ತೆ ಸಾರ್. ಆಮೇಲೆ ಇನ್ಶೂರೆನ್ಸು, ಆಮೇಲೆ 1 ಪರ್ಸೆಂಟ್ ಟಿಸಿಎಸ್, ಅಂದ್ರೆ ಡೀಲರ್ ಮುಂಚೆನೇ ಹಿಡಿದು ಕಟ್ಟೋ ಇನ್ಕಮ್ ಟ್ಯಾಕ್ಸ್. ಟಿಸಿಎಸ್ ಮಾತ್ರ ನಿಮ್ದೇ ದುಡ್ಡು, ರಿಟರ್ನ್ಸ್ ಫೈಲ್ ಮಾಡ್ವಾಗ ತೋರ್ಸಿ, ಎಷ್ಟೋ ಜನ ಮರೆತು ಬಿಟ್ಬಿಡ್ತಾರೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗಳ ಮೇಲಿದ್ದ 28 ಜಿಎಸ್‌ಟಿ, 22 ಸೆಸ್ ಸೇರಿ 50 ಆಗ್ತಿದ್ದದ್ದು 40ಕ್ಕೆ ಇಳೀತು, ಅದೊಂದು ಸಮಾಧಾನ.

ಲೋನ್ ನೋಡಿ. 25 ಲಕ್ಷ, 9 ಪರ್ಸೆಂಟು, 7 ವರ್ಷ ಅಂದ್ರೆ ತಿಂಗ್ಳಿಗೆ 40,200ರ ಹತ್ರ, ಬಡ್ಡಿನೇ ಸುಮಾರು 8.8 ಲಕ್ಷ. ಅದೇ 5 ವರ್ಷ ಮಾಡಿದ್ರೆ ಇಎಂಐ 51,900, ಬಡ್ಡಿ 6.1 ಲಕ್ಷ. ಇಎಂಐ ಕಮ್ಮಿ ಅಂತ 7 ವರ್ಷ ಮಾಡ್ಸೋರು ಜಾಸ್ತಿ, ಬ್ಯಾಂಕಿನವ್ರಿಗೆ ಖುಷಿ. ಈಗ ಇನ್ನೋವಾ ಬಾಡಿಗೆ ತಗೊಂಡು ಎರಡು ದಿನ ಊರಿಗ್ ಹೋಗ್ಬಂದ್ರೆ ಡ್ರೈವರ್ ಬಾಟಾ ಸೇರಿ 14 ಸಾವಿರ ಅಂತ ಇಟ್ಕೊಳ್ಳಿ. ವರ್ಷಕ್ಕೆ ಎಂಟು ಸಲ ಹೋದ್ರೂ 1.12 ಲಕ್ಷ. ಬರೀ ನಿಮ್ಮ ಬಡ್ಡಿನೇ ವರ್ಷಕ್ಕೆ ಸರಾಸರಿ 1.25 ಲಕ್ಷ ಇದೆ. ಅಸಲು, ಡೀಸೆಲ್ಲು, ಟೈರು, ಸರ್ವಿಸ್ಸು ಇನ್ನೂ ನಾನ್ ಮುಟ್ಟಿಲ್ಲ.

ತಗೊಳ್ಳಲೇಬೇಕು ಅಂದ್ರೆ ಮೂರು ವರ್ಷ ಹಳೇ ಕೆಎ ರಿಜಿಸ್ಟ್ರೇಶನ್ ಗಾಡಿ ನೋಡಿ. ಆ 6 ಲಕ್ಷ ಟ್ಯಾಕ್ಸ್ ಮೊದಲನೇ ಓನರ್ ಕಟ್ಟಾಗಿದೆ. ಡೆಲ್ಲಿ ಗಾಡಿ ಸಸ್ತಾ ಅಂತ ತರಬೇಡಿ, ಇಲ್ಲಿಗ್ ತಂದು ನಂಬರ್ ಮಾಡ್ಸೋವಾಗ ಮತ್ತೆ ಟ್ಯಾಕ್ಸ್ ಕಟ್ಬೇಕು.

---

ಹುಬ್ಳಿ_ಟು_ಹೆಬ್ಬಾಳ

ನೋಡ್ರಿ ಲೆಕ್ಕದ ಸಾಹೇಬ್ರ, ನೀವ್ ಹೇಳಿದ್ದೆಲ್ಲಾ ಖರೇನ ಐತಿ. ಆದ್ರ ಬಾಡಿಗಿ ಗಾಡಿ ಒಳಗ ನಮ್ಮವ್ವ ಬುತ್ತಿ ಬಿಚ್ಚಂಗಿಲ್ಲ. ಡ್ರೈವರ್ ಏನ್ ಅನ್ಕೋತಾನೋ ಅಂತ ರೊಟ್ಟಿ ಗಂಟು ತೊಡಿ ಮ್ಯಾಲ ಇಟ್ಕೊಂಡು ಚಿತ್ರದುರ್ಗದ ತನಕಾ ಸುಮ್ನ ಕುಂದರ್ತಾಳ. ಸ್ವಂತ ಗಾಡಿ ಆದ್ರ ತುಮಕೂರು ದಾಟೂದ್ರಾಗ ಶೇಂಗಾ ಚಟ್ನಿ ವಾಸನಿ ಬಂದಿರ್ತೈತಿ. ಇದರ ರೊಕ್ಕಾ ಯಾವ ಎಕ್ಸೆಲ್ ಶೀಟನ್ಯಾಗ ಬರೀತೀರಿ ಹೇಳ್ರಿ?

ನಾ ತಿಂಗ್ಳಿಗೆ ಎರಡ ಸಲ ಊರಿಗೆ ಹೋಗ್ತೇನಿ, 400 ಕಿಲೋಮೀಟರ್ ಮ್ಯಾಲ ಆಗ್ತೈತಿ ಒಂದ ಕಡೆಗೆ. ಡೀಸೆಲ್ ಗಾಡಿ ನನಗ ಲಾಭಾನ, ಡಿಪಿಎಫ್ ತ್ರಾಸ ಒಂದ್ ಸಲನೂ ಬಂದಿಲ್ಲ. ಆದ್ರ ಒಂದ್ ಮಾತ್ ಹೇಳ್ತೇನಿ ಅಣ್ಣಾರ, ಏಳು ಸೀಟು ಅಂದ್ರ ಏಳು ಮಂದಿ ಇಲ್ಲಾ ಸಾಮಾನು, ಎರಡೂ ಅಲ್ಲ. ಹಿಂದಿನ ಸೀಟು ಎತ್ತಿದ್ರ ಡಿಕ್ಕಿ ಒಳಗ ಎರಡು ಸ್ಕೂಲ್ ಬ್ಯಾಗ್ ನಿಂದರ್ತಾವ ಅಷ್ಟ. ಬರೂಮುಂದ ಅವ್ವ ಕೊಟ್ಟ ಜ್ವಾಳದ ಚೀಲ ಎಲ್ಲಿ ಇಡ್ತೀರಿ? ನಾ ಮ್ಯಾಲ ಕ್ಯಾರಿಯರ್ ಹಾಕ್ಸೇನಿ. 30 ಲಕ್ಷದ ಗಾಡಿ ಮ್ಯಾಲ ತಾಡಪತ್ರಿ ಕಟ್ಗೊಂಡು ಹೊಂಟ್ರ ಸಂತಿಗೆ ಹೊಂಟಂಗ ಕಾಣ್ತೈತಿ, ಕಾಣವಲ್ದ್ಯಾಕ.

---

ಸ್ಟೀರಿಂಗ್_ನಂದೇ

ಗಂಡಸ್ರು ಎಲ್ಲಾ ಘಾಟಿ, ಹೈವೇ ಅಂತ ಬರೀತಿದೀರ. ನಮ್ಮನೇಲಿ ದೊಡ್ಡ ಗಾಡಿ ಆಸೆ ಪಟ್ಟಿದ್ದು ಅವ್ರು, ಅವ್ರು ಹೋಗೋದು ಮೆಟ್ರೋಲಿ, ವಾರಕ್ಕೈದು ದಿನ ಓಡ್ಸೋದು ನಾನು. ಅದಕ್ಕೇ ಹಳೇಹ್ಯಾಚ್‌ಬ್ಯಾಕ್ ಅವ್ರೆ, ಮೊದ್ಲು ನಿಮ್ಮನೇಲಿ ದಿನಾ ಯಾರ್ ಓಡಿಸ್ತಾರೆ ಅಂತ ನೋಡಿ, ಅವ್ರನ್ನ ಕೇಳಿ.

ಗಾಂಧಿ ಬಜಾರಿಗೆ ಒಂದು ಕಟ್ಟು ಕೊತ್ತಂಬರಿಗೆ ಹೋದ್ರೆ ಗಾಡಿ ನಿಲ್ಸಿ ನಡ್ಕೊಂಡ್ ಬರೋದೇ ಒಂದು ವಾಕಿಂಗು. ಸ್ಕೂಲ್ ಗೇಟಿನ ಹತ್ರ ಒಂದ್ ಕಡೆ ಆಟೋ, ಒಂದ್ ಕಡೆ ವ್ಯಾನು, ಮಧ್ಯ ನನ್ನ ಆನೆ. ಕನ್ನಡಿ ಮಡಚಿ, ಉಸಿರು ಬಿಗಿ ಹಿಡಿದು ದಾಟ್ತೀನಿ, ನಾನ್ ಉಸಿರು ಹಿಡಿದ್ರೆ ಗಾಡಿ ಸಣ್ಣ ಆಗುತ್ತೇನೋ ಅನ್ನೋ ಥರ. 360 ಡಿಗ್ರಿ ಕ್ಯಾಮೆರಾ ಇಲ್ದೇ ಇರೋ ವೇರಿಯಂಟ್ ಮಾತ್ರ ತಗೋಬೇಡಿ, ಸನ್‌ರೂಫ್ ಬಿಟ್ರೂ ಪರ್ವಾಗಿಲ್ಲ. ಎಷ್ಟೋ ಕಾಂಪ್ಲೆಕ್ಸುಗಳಲ್ಲಿ ಗಾಡಿ ಮೇಲೆತ್ತಿ ಇಡೋ ಲಿಫ್ಟ್ ಪಾರ್ಕಿಂಗ್ ಇರುತ್ತೆ, ಸೆಕ್ಯೂರಿಟಿಯವ್ರು ದೂರದಿಂದ್ಲೇ ಕೈ ಅಡ್ಡ ಆಡಿಸ್ತಾರೆ, ಮೇಡಂ ಇದು ಹೋಗಲ್ಲ ಅಂತ.

ಎಡಾಸ್ ಬಗ್ಗೆನೂ ಹೇಳ್ಬೇಕು, ಅದೇ ಸುತ್ತ ಇರೋ ಗಾಡಿ ನೋಡ್ಕೊಂಡು ಎಚ್ಚರಿಸೋ, ಬ್ರೇಕಿಗೆ ಸಹಾಯ ಮಾಡೋ ವ್ಯವಸ್ಥೆ. ಮೈಸೂರು ಹೈವೇಲಿ ಸ್ವರ್ಗ, ಅಲ್ಲಿ ಮೇನ್ ರೋಡಲ್ಲಿ 2023ರ ಆಗಸ್ಟಿಂದ ಟೂವೀಲರ್, ಆಟೋ ಬಿಡಲ್ಲ, 100ರ ಒಳಗೆ ಸೆಟ್ ಮಾಡಿ ಬಿಟ್ರೆ ಮುಂದಿನ ಗಾಡಿ ನೋಡ್ಕೊಂಡು ಅದೇ ನಿಧಾನ ಆಗುತ್ತೆ, ಅದೇ ಎತ್ಕೊಳ್ಳುತ್ತೆ. ಅದೇ ಸಿಲ್ಕ್ ಬೋರ್ಡಲ್ಲಿ ಒಂದು ಸ್ಕೂಟರ್ ಅಡ್ಡ ನುಗ್ಗಿದ್ರೆ ಡ್ಯಾಶ್‌ಬೋರ್ಡ್ ಮದ್ವೆ ಮನೆ ಥರ ಕೂಗಾಡುತ್ತೆ. ನಾನು ಸಿಟಿಲಿ ಕೆಲವನ್ನ ಆಫ್ ಮಾಡ್ತೀನಿ.

ಆದ್ರೂ ಮಾರ್ತೀರಾ ಅಂದ್ರೆ ಮಾರಲ್ಲ. ಹೋದ ವರ್ಷ ರಿಂಗ್ ರೋಡಲ್ಲಿ ಹಿಂದಿಂದ ಒಂದು ಟೆಂಪೋ ಗುದ್ದಿದ. ಬಂಪರ್ ಹೋಯ್ತು, ಡಿಕ್ಕಿ ಬಾಗಿಲು ಹೋಯ್ತು, ಮಕ್ಳು ನಡುವಿನ ಸೀಟಲ್ಲಿ ಬೆಲ್ಟ್ ಹಾಕ್ಕೊಂಡಿದ್ರು, ಚಿಕ್ಕವಳ ಕೈಲಿದ್ದ ಫ್ರೂಟಿ ಕೂಡ ಚೆಲ್ಲಿರ್ಲಿಲ್ಲ. ಅದಾದ್ಮೇಲೆ ಪಾರ್ಕಿಂಗ್ ಬಗ್ಗೆ ಬೈಕೊಳ್ಳೋದು ಕಮ್ಮಿ ಮಾಡಿದೀನಿ.

---

ಹಳೇಹ್ಯಾಚ್‌ಬ್ಯಾಕ್_ಬನಶಂಕರಿ

ಎಲ್ರಿಗೂ ಥ್ಯಾಂಕ್ಸ್. ಘಾಟಿ ಗಿರಾಕಿ ಅವ್ರ ಮಣೆ ಕಥೆ ಹೆಂಡ್ತಿಗೆ ಓದಿ ಹೇಳ್ದೆ, ನಕ್ಕು ನಕ್ಕು ಆಮೇಲೆ ಸುಮ್ನಾದ್ಲು.

ಪಾರ್ಕಿಂಗ್ ವಿಷಯ ಬಂತಲ್ಲ, ರಾತ್ರಿ ಟೇಪ್ ತಗೊಂಡು ಬೇಸ್‌ಮೆಂಟಿಗೆ ಇಳಿದೆ. ನಮ್ ಸ್ಲಾಟು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ, ಎಡಗಡೆ ಪಿಲ್ಲರ್. ಹೈಕ್ರಾಸ್ 4.755 ಮೀಟರ್ ಉದ್ದ, 1.85 ಅಗಲ, ಕನ್ನಡಿ ಬಿಟ್ಟು. ಮಗಳ ಚಾಕ್‌ಪೀಸಲ್ಲಿ ನೆಲದ ಮೇಲೆ ಅಷ್ಟು ದೊಡ್ಡ ಚೌಕ ಬರೆದೆ. ಎರಡೂ ಕಡೆ ಒಂದೊಂದು ಅಡಿ ಚಿಲ್ರೆ ಉಳೀತು. ಚೌಕದ ಗೆರೆ ಮೇಲೆ ನಿಂತು ಬಾಗಿಲು ತೆಗೆದಂಗೆ ಮಾಡಿ, ಇಳಿದಂಗೆ ಮಾಡಿ ನೋಡ್ತಿದ್ದೆ, ಪಿಲ್ಲರಿಗೆ ಮೊಣಕೈ ತಗುಲ್ತು. ಅಷ್ಟೊತ್ತಿಗೆ ಸೆಕ್ಯೂರಿಟಿ ಬಂದು ಟಾರ್ಚ್ ಬಿಟ್ಟು "ಸಾರ್ ಏನಾರ ಕಳ್ಕೊಂಡ್ರಾ" ಅಂದ.

ಆರು ಜನ ಒಟ್ಟಿಗೆ ಎಷ್ಟ್ ಸಲ ಅಂತ ಎಣಿಸ್ದೆ. ನಾಲ್ಕು. ಹೆಂಡ್ತಿ ಮೂರು ಅಂತಾಳೆ.

---

ಹೈಬ್ರಿಡ್_ಹೈದ

ನಂದು ಹೈಬ್ರಿಡ್ ಎಂಪಿವಿ, 2023ರದ್ದು. ಎಸ್‌ಯುವಿ ಅಂತ ಮುಖ ಮಾಡಿದಾರೆ ಅಷ್ಟೇ, ಒಳಗೆ ಅದು ವ್ಯಾನು, ಅದೇ ಅದ್ರ ಒಳ್ಳೇತನ. ನಮ್ಮತ್ತೆ ಕುರ್ಚಿ ಮೇಲೆ ಕೂತಂಗೆ ಪಕ್ಕದಿಂದ ಕೂತ್ಕೊಂಡು ಕಾಲು ಒಳಗೆ ಎಳ್ಕೊತಾರೆ, ಮಣೆ ಬೇಡ.

ಟ್ರಾಫಿಕ್ಕಲ್ಲಿ ತೆವಳೋವಾಗ ಇಂಜಿನ್ ಆಫ್ ಆಗಿ ಬ್ಯಾಟರಿಲಿ ಹೋಗ್ತಿರುತ್ತೆ, ಬ್ರೇಕ್ ಹಾಕಿದಾಗ್ಲೆಲ್ಲ ಒಂಚೂರು ಚಾರ್ಜ್ ವಾಪಸ್ ಬರುತ್ತೆ, ಅದಕ್ಕೇ ಈ ಊರಿನ ಜಾಮಿಗೆ ಇದು ಹೇಳ್ಮಾಡ್ಸಿದ್ದು. ಮೈಲೇಜ್ ಕಂಪನಿ ಹೇಳೋದು ಲೀಟರಿಗೆ 23.24 ಕಿಲೋಮೀಟರ್, ನನಗೆ ಸಿಟಿಲಿ ಎಸಿ ಹಾಕ್ಕೊಂಡು 15-16 ಬರುತ್ತೆ. ನಮ್ ಆಫೀಸಲ್ಲೊಬ್ರದ್ದು 2 ಲೀಟರ್ ಟರ್ಬೊ ಪೆಟ್ರೋಲ್, ಅದೇ ರೋಡಲ್ಲಿ 8. ತಿಂಗ್ಳಿಗೆ ಸಾವಿರ ಕಿಲೋಮೀಟರ್, ಲೀಟರಿಗೆ 103 ಅಂದ್ರೆ ಅವ್ರಿಗೆ 12,900ರ ಹತ್ರ, ನನಗೆ ಅದ್ರಲ್ಲಿ ಅರ್ಧ. ಬ್ಯಾಟರಿ ಹೋದ್ರೆ ಅಂತ ಹೆದರಿಸ್ತಾರೆ, ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಇಲ್ಲಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ.

ಮೂರನೇ ಸಾಲಿನ ಬಗ್ಗೆ ಎರಡು ಮಾತು. ಅಲ್ಲಿನ ಗಾಜು ತೆರೆಯಲ್ಲ, ಯಾವ ಕಂಪನಿದಾದ್ರೂ ಸಾಮಾನ್ಯವಾಗಿ ಅಷ್ಟೇ. ಹಿಂದಿನ ಚಕ್ರದ ಮೇಲೆ ಕೂತಂಗಿರುತ್ತೆ, ಘಾಟಿಲಿ ಮಕ್ಳಿಗೆ ಹೊಟ್ಟೆ ತೊಳೆಸುತ್ತೆ. ನಮ್ಮೋನು ಚಾರ್ಮಾಡಿಲಿ ಎರಡನೇ ತಿರುವಿಗೇ ಬೆಳಿಗ್ಗೆ ತಿಂದ ನೀರ್‌ದೋಸೆ ಲೆಕ್ಕ ಒಪ್ಪಿಸ್ದ. ಈಗ ನಿಂಬೆಹಣ್ಣು, ಪ್ಲಾಸ್ಟಿಕ್ ಕವರ್ ಯಾವಾಗ್ಲೂ ಹಿಂದೆ ಇರುತ್ತೆ. ನಡುವಿನ ಸಾಲಲ್ಲಿ ಕ್ಯಾಪ್ಟನ್ ಸೀಟ್, ಅಂದ್ರೆ ಎರಡು ಬಿಡಿ ಬಿಡಿ ಸೀಟ್ ಇರೋದು ತಗೊಳ್ಳಿ, ಮಧ್ಯದ ಸಂದೀಲಿ ಮಕ್ಳು ಹಿಂದೆ ನುಸುಳ್ತಾರೆ, ದೊಡ್ಡವ್ರು ಏಳ್ಬೇಕಿಲ್ಲ.

---

ಕೆರೆ_ಏರಿ

ಇನ್ಶೂರೆನ್ಸಲ್ಲಿ ಇಂಜಿನ್ ಪ್ರೊಟೆಕ್ಟ್ ಅನ್ನೋ ಆಡ್-ಆನ್ ಬಿಡ್ಬೇಡಿ ಅಂತ ಹೇಳೋಕೆ ಬಂದೆ ಅಷ್ಟೇ. 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್ ಕಡೆ ಲೇಔಟ್‌ಗಳಿಗೆ ನೀರು ನುಗ್ಗಿದಾಗ ಕೋಟಿ ಬೆಲೆಯ ಕಾರುಗಳೂ ಮುಳುಗಿದ್ವು. ನೀರಲ್ಲಿ ನಿಂತ ಗಾಡಿನ ಏನಾಗಿದೆ ನೋಡೋಣ ಅಂತ ಸ್ಟಾರ್ಟ್ ಮಾಡಿದ್ರೆ ಇಂಜಿನ್ ಒಳಗೆ ನೀರು ಎಳ್ಕೊಂಡು ಕನೆಕ್ಟಿಂಗ್ ರಾಡ್ ಬಗ್ಗುತ್ತೆ, ಮಾಮೂಲಿ ಪಾಲಿಸಿ ಅದಕ್ಕೆ ಕೊಡಲ್ಲ. ಗಾಡಿ ಎತ್ತರ ಇದೆ ಅನ್ನೋ ಧೈರ್ಯಕ್ಕೆ ತುಂಬಿದ ಅಂಡರ್‌ಪಾಸಿಗಂತೂ ಇಳಿಸ್ಲೇಬೇಡಿ. 2023ರ ಮೇ ತಿಂಗ್ಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ಒಂದು ಜೀವ ಹೋಯ್ತು.

---

ಹಳೇಹ್ಯಾಚ್‌ಬ್ಯಾಕ್_ಬನಶಂಕರಿ

ಅಪ್‌ಡೇಟ್. ಭಾನುವಾರ ಆರೂ ಜನ ಹಳೇ ಕಾರು ಮತ್ತೆ ಒಂದು ಆಟೋದಲ್ಲಿ ಶೋರೂಮಿಗೆ ಹೋದ್ವಿ. ಸೇಲ್ಸ್ ಹುಡ್ಗ ನನ್ನನ್ನ ಡ್ರೈವರ್ ಸೀಟಿಗೆ ಕರೀತಿದ್ದ, ನಾನ್ ಬೇಡಪ್ಪ, ಮೊದ್ಲು ಇವ್ರು ಹತ್ತಲಿ ಅಂದೆ.

ಎತ್ತರದ ಗಾಡಿಗೆ ಅಮ್ಮ ಕೈ ಇಟ್ಟು ನೋಡಿದ್ರು, ಹತ್ತೋಕೇ ಹೋಗ್ಲಿಲ್ಲ. ಹೈಬ್ರಿಡ್‌ಗೆ ಆರಾಮಾಗಿ ಹತ್ತಿ ಕಾಲು ನೀಡ್ಕೊಂಡ್ರು. ಮಕ್ಳು ಹಿಂದೆ ಹೋಗಿ ಆಗ್ಲೇ ಜಗಳ ಶುರು ಮಾಡಿದ್ರು. ಅಪ್ಪ ಮಾತ್ರ ಗತ್ತಲ್ಲಿ ಎಲ್ಲಾ ಸುತ್ತಿ ನೋಡಿದ್ರು, ಸ್ಕ್ರೀನು ನೋಡಿದ್ರು, ಸನ್‌ರೂಫ್ ನೋಡಿದ್ರು, ಕೊನೇಗೆ ಹುಡ್ಗನ್ನ ಕರೆದು ಕೇಳಿದ್ದು ಒಂದೇ, "ಈ ಕಿಟಕಿ ಪೂರ್ತಿ ಇಳಿಯುತ್ತೇನಪ್ಪ?" ಎಲೆ ಅಡಿಕೆ ಅಭ್ಯಾಸ. ನಡುವಿನ ಸಾಲಲ್ಲಿ ಇಳಿಯುತ್ತೆ ಅಂತ ಅವ್ನು ಒತ್ತಿ ತೋರ್ಸಿದ, ಅಪ್ಪ ತಲೆ ಆಚೆ ಹಾಕಿ ಅಳತೆ ನೋಡಿದ್ರು.

ಹೊಸದು ಬುಕ್ ಮಾಡಿಲ್ಲ. ಸೆಕೆಂಡ್ ಹ್ಯಾಂಡ್ ಹೈಬ್ರಿಡ್, ಕೆಎ-05, ಸಿಂಗಲ್ ಓನರ್ ಒಂದು ಕಣ್ಣಿಗ್ ಬಿದ್ದಿದೆ, ಈ ಶನಿವಾರ ಮೆಕ್ಯಾನಿಕ್ ಕರ್ಕೊಂಡ್ ಹೋಗ್ತೀನಿ. ಅಲ್ಲಿವರೆಗೆ ದೀಪಾವಳಿಗೆ ಬಾಡಿಗೆ ಇನ್ನೋವಾ ಹೇಳಿದೀನಿ. ಬುತ್ತಿ ಬಿಚ್ಚೋಕೆ ಅಮ್ಮನ್ನ ಒಪ್ಪಿಸ್ಬೇಕು.

---

ಘಾಟಿ_ಗಿರಾಕಿ

ಡ್ರೈವರಿಗೂ ಒಂದು ಚಪಾತಿ ಸುತ್ತಿ ಕೊಡಿ, ಎಲ್ಲಾ ಸರಿಹೋಗುತ್ತೆ.

---

ಎಕ್ಸ್‌ಪ್ರೆಸ್‌ವೇ_ಏಕಾಂಗಿ

ಈಗ ಓದ್ದೆ. ನಾನು ನಿನ್ನೆ ತಾನೆ ಎತ್ತರದ್ದೇ ಬುಕ್ ಮಾಡಿ ಬಂದಿದೀನಿ, ಅಡ್ವಾನ್ಸ್ ವಾಪಸ್ ಬರಲ್ಲ. ಘಾಟಿ ಅಣ್ಣ, ಆ ಮಣೆ ಎಷ್ಟು ಇಂಚು ಎತ್ತರ ಇದೆ ಸ್ವಲ್ಪ ಅಳೆದು ಹೇಳ್ತೀರಾ?